ಭಾನುವಾರ ಕೋಡಿ ಬೇಂಗ್ರೆ: ನೀರ ಮೇಲೆ ತೇಲುವ ಎರೆ ಮಾತ್ರ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 5:45ಕ್ಕೆ, ಸ್ವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವ ಉಡುಪಿ ಹತ್ತಿರದ ಕೋಡಿ ಬೇಂಗ್ರೆಯಲ್ಲಿ ಗಾಳ ಹಾಕಲು ಸೇರೋಣ. ಈ ಸಲ ನೀರ ಮೇಲೆ ತೇಲುವ ಕೃತಕ ಎರೆ ಮಾತ್ರ. ತಡ ಮಾಡಬೇಡಿ, ಬಿಸಿಲೇರಿದ ಮೇಲೆ ಮೀನು ಮೇಲಿನ ಎರೆಗೆ ಅಷ್ಟಾಗಿ ಏಳುವುದಿಲ್ಲ.

ಹಗುರ ಗಾಳದ ಕೋಲು, 6ರಿಂದ 9 ಸೆಂ.ಮೀ. ಉದ್ದದ ಪಾಪರ್ (ಎಳೆದಾಗ ನೀರು ಚಿಮ್ಮಿಸುವ ಎರೆ) ಅಥವಾ ಪೆನ್ಸಿಲ್ (ಅತ್ತಿತ್ತ ಓಲಾಡುವ ಸಪೂರ ಎರೆ) ಸಾಕು. ದಾರದ ತುದಿಗೆ, ಎರೆ ಕಟ್ಟುವ ಕಡೆ, ನೈಲಾನ್ ದಾರವನ್ನೇ ಕಟ್ಟಿ. ಫ್ಲೋರೋಕಾರ್ಬನ್ ಎಂಬ ಇನ್ನೊಂದು ಬಗೆಯ ದಾರ ಮುಳುಗುವುದರಿಂದ ಸಣ್ಣ ಎರೆಯ ಮೂತಿಯನ್ನು ಕೆಳಗೆಳೆಯುತ್ತದೆ. ಕಲ್ಲು, ಚಿಪ್ಪುಗಳಿಗೆ ದಾರ ಸವೆಯುತ್ತದೆ, ಆಗಾಗ ಬೆರಳಾಡಿಸಿ ನೋಡಿ.

ಹೊಸಬರಿಗೆ ಮುಖ್ಯ ಮಾತು: ನೀರು ಚಿಮ್ಮಿದ ಕೂಡಲೇ ಕೋಲು ಎಳೆಯಬೇಡಿ! ಎಷ್ಟೋ ಸಲ ಮೀನು ಮೊದಲು ಎರೆಯನ್ನು ಬಡಿಯುತ್ತದೆ ಅಷ್ಟೆ. ಎರೆಯನ್ನು ಆಡಿಸುತ್ತಲೇ ಇರಿ, ಕೈಗೆ ಭಾರ ಸಿಕ್ಕಾಗ ಎತ್ತಿ. ಕೆರೆಯಲ್ಲಿ ಕಪ್ಪೆಯಾಕಾರದ ಎರೆಗೆ ಮುರಲ್ ಮೀನು ಹಿಡಿಯುವವರಿಗೆ ಈ ತಾಳ್ಮೆ ಗೊತ್ತೇ ಇದೆ.

ಕೊಕ್ಕೆಯ ಮುಳ್ಳುಗಳನ್ನು ಇಕ್ಕಳದಿಂದ ಒತ್ತಿ ತನ್ನಿ. ಮರಿಗಳನ್ನು ನೋಯಿಸದೆ ನೀರಿಗೆ ಬಿಡಬೇಕು. ಮೀನುಗಾರರ ಬಲೆ, ದೋಣಿಗಳ ಹತ್ತಿರ ಎಸೆಯುವುದು ಬೇಡವೇ ಬೇಡ. ಅದು ಅವರ ಅನ್ನ. ದೋಣಿ ಹತ್ತುವವರಿಗೆ ಜೀವರಕ್ಷಕ ಜಾಕೆಟ್ ಕಡ್ಡಾಯ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ ಹೆಸರು ಬರೆಯಿರಿ. ಹೆಚ್ಚುವರಿ ಕೋಲು ಇರುವವರು ಅದನ್ನೂ ತಿಳಿಸಿ.