ವಿಡಿಯೊದಲ್ಲಿ ಕಾಣದ ವಿಷಯ

ಕೊಲಂಬಸ್, ಓಹಾಯೊ
ಡಿಸೆಂಬರ್ 21

ತೀರ್ಥರೂಪರಾದ ತಾತನವರಿಗೆ ನಿಮ್ಮ ಮೊಮ್ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ಅಜ್ಜಿಯ ಮಂಡಿನೋವು ಹೇಗಿದೆಯೆಂದು ತಿಳಿಸಿ.

ನಮ್ಮ ಶಾಲೆಯ ವಾದ್ಯವೃಂದದ ಕಚೇರಿಯ ವಿಡಿಯೊವನ್ನು ಅಮ್ಮ ನಿಮಗೆ ಕಳುಹಿಸಿದ್ದೂ, ನೀವು ಅದನ್ನು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ತೋರಿಸಿ ‘ನನ್ನ ಮೊಮ್ಮಗಳು ಪಿಟೀಲು ವಿದುಷಿಯಾದಳು’ ಎಂದದ್ದೂ ಚಿಕ್ಕಪ್ಪನಿಂದ ತಿಳಿಯಿತು. ಆ ಮಾತು ಚಿಂತಾಮಣಿಯ ನೆಂಟರವರೆಗೆ ಹೋಗುವ ಮೊದಲೇ ಈ ಕಾಗದ ನಿಮ್ಮ ಕೈಸೇರಲಿ ಎಂದು ಬರೆಯುತ್ತಿದ್ದೇನೆ.

ಮೊದಲಿಗೆ, ಅದು ಪಿಟೀಲೇ ಅಲ್ಲ, ವಯೋಲಾ. ನಾನು ಕೇಳಿದ್ದು ಪಿಟೀಲನ್ನೇ. ಆದರೆ ಅದನ್ನು ಕೇಳುವವರು ಬಹಳ ಮಂದಿ ಇದ್ದುದರಿಂದ, ಬೀರುವಿನಲ್ಲಿ ಸುಮ್ಮನೆ ಕುಳಿತಿದ್ದ ವಯೋಲಾವನ್ನು ಮೇಡಂ ವರ್ಷದ ಮಟ್ಟಿಗೆ ನನಗೆ ಕೊಟ್ಟರು. ನೋಡುವುದಕ್ಕೆ ಪಿಟೀಲಿನ ಅಕ್ಕನಂತಿದೆ. ಪಿಟೀಲಿನ ಅತಿ ಸಣ್ಣ ತಂತಿ ಇದರಲ್ಲಿಲ್ಲ, ಬದಲಿಗೆ ಕೆಳಗೆ ಒಂದು ದಪ್ಪ ಮಂದ್ರದ ತಂತಿಯಿದೆ. ರಾಗ ಹೆಚ್ಚಾಗಿ ಪಿಟೀಲಿನವರ ಪಾಲು, ತಳದ ಸ್ವರ ಚೆಲೊ ಮತ್ತು ಡಬಲ್ ಬೇಸ್ ಎಂಬ ದೊಡ್ಡ ತಂತಿವಾದ್ಯಗಳವರ ಪಾಲು. ನಡುವೆ ಉಳಿದದ್ದನ್ನು ತುಂಬುವವರು ನಾವು.

ಗುರುಪೂರ್ಣಿಮೆಯ ಸಂಗೀತೋತ್ಸವಕ್ಕೆ ನೀವು ಕೈವಾರಕ್ಕೆ ಕರೆದೊಯ್ದಾಗ, ವಾದಕರು ಚಕ್ಕಳಮಕ್ಕಳ ಹಾಕಿ ಕುಳಿತು, ಪಿಟೀಲಿನ ತುದಿಯನ್ನು ಬಲಪಾದದ ಮೇಲೆ ಊರಿ, ತಂತಿಯ ಮೇಲೆ ಬೆರಳು ಜಾರಿಸುತ್ತ ಗಮಕ ತೆಗೆಯುತ್ತಿದ್ದುದನ್ನು ನಾನು ಬಾಯಿಬಿಟ್ಟುಕೊಂಡು ನೋಡಿದ್ದೆ. ಇಲ್ಲಿ ಕುರ್ಚಿಯ ಅಂಚಿನಲ್ಲಿ ನೆಟ್ಟಗೆ ಕುಳಿತು, ವಾದ್ಯವನ್ನು ಗಲ್ಲಕ್ಕೂ ಭುಜಕ್ಕೂ ನಡುವೆ ಹಿಡಿಯಬೇಕು. ಬೆರಳು ಇಟ್ಟಲ್ಲಿಯೇ ನಿಲ್ಲಬೇಕು. ನಮ್ಮಲ್ಲಿ ಹಾಡುವವರ ಕಂಠಕ್ಕೆ ಶ್ರುತಿ ಹೊಂದಿಸಿದರೆ, ಇಲ್ಲಿ ಎಲ್ಲರೂ ಸೆಕೆಂಡಿಗೆ 440 ಕಂಪನಗಳ ‘ಎ’ ಎಂಬ ಒಂದೇ ಸ್ವರಕ್ಕೆ ತಂತಿ ಬಿಗಿಯುತ್ತಾರೆ. ಬೆರಳಿಡುವ ಜಾಗ ತಿಳಿಯಲೆಂದು ಮೇಡಂ ಅಡ್ಡಕ್ಕೆ ಸಣ್ಣ ಟೇಪುಗಳನ್ನು ಅಂಟಿಸಿಕೊಟ್ಟರು. ನನ್ನ ಬೆರಳಿನ ಬೆವರಿಗೆ ಅವುಗಳಲ್ಲಿ ಒಂದು ಜಾರಿದ್ದರಿಂದ ಇಡೀ ವಾರ ಆ ಸ್ವರವನ್ನು ತುಸು ಏರಿಸಿಯೇ ನುಡಿಸಿದೆ. ಟೇಪನ್ನು ನಂಬಿದೆನೇ ಹೊರತು ಕಿವಿಯನ್ನಲ್ಲ.

ಈಗ ನಿಜ ಸಂಗತಿಗೆ ಬರುತ್ತೇನೆ. ನನ್ನ ಪಕ್ಕದ ಹುಡುಗ ಐದನೆಯ ತರಗತಿಯಿಂದ ನುಡಿಸುತ್ತಿದ್ದಾನೆ. ನಾನು ಸೇರಿದ್ದು ಈ ಆಗಸ್ಟಿನಲ್ಲಿ, ಒಂಬತ್ತನೆಯ ತರಗತಿಗೆ ಬಂದ ಮೇಲೆ. ಆದ್ದರಿಂದ ವೇಗದ ಭಾಗಗಳಲ್ಲಿ ಕಮಾನನ್ನು ತಂತಿಗೆ ತಾಗಿಸದೆ, ಕೂದಲೆಳೆಯಷ್ಟು ಮೇಲೆ ಹಿಡಿದು, ಉಳಿದವರ ಜೊತೆಗೇ ಆಡಿಸುತ್ತಿರಬೇಕೆಂದು ಮೇಡಂ ಹೇಳಿದ್ದರು. ಹೊಸಬರಿಗೆ ಇದು ರೂಢಿಯಂತೆ. ಕಮಾನು ಮೇಲೆ ಹೋಗುವುದು ಯಾವಾಗ, ಕೆಳಗೆ ಬರುವುದು ಯಾವಾಗ ಎಂಬುದು ಕೈಗೆ ಮೊದಲು ಒಗ್ಗಲಿ ಎಂದು. ನೀವು ವಿಡಿಯೊದಲ್ಲಿ ಕಂಡು ಹಿಗ್ಗಿದ ಆ ಚುರುಕು ಕೈ ನುಡಿಸಿದ್ದು ಗಾಳಿಯನ್ನು, ತಾತ. ರೇಷ್ಮೆ ನೂಲು ತೆಗೆಯುವ ಫಿಲೇಚರಿನಲ್ಲಿ ಎಂಟು ಹತ್ತು ಗೂಡಿನ ಎಳೆಗಳು ಕೂಡಿ ನೂಲಾಗುವಾಗ ಒಂದು ಎಳೆ ತುಂಡಾದರೂ ದೂರದಿಂದಲೇ ಗುರುತಿಸುವ ನೀವು, ಅಲ್ಲಿ ನನ್ನ ಎಳೆಯೇ ಇಲ್ಲವೆಂಬುದನ್ನು ಹೇಗೆ ಕಾಣದೆ ಹೋದಿರೋ! ಇಬ್ಬರಿಗೆ ಒಂದೇ ಸ್ಟ್ಯಾಂಡ್ ಇರುವುದರಿಂದ ಹಾಳೆ ತಿರುವುವುದು ಒಳಬದಿಯಲ್ಲಿ ಕುಳಿತ ನನ್ನ ಕೆಲಸ. ಅದನ್ನು ಮಾತ್ರ ಒಮ್ಮೆಯೂ ತಪ್ಪಲಿಲ್ಲ.

ಆದರೂ ಎರಡನೆಯ ರಚನೆಯ ಕೊನೆಯನ್ನು ಇನ್ನೊಮ್ಮೆ ನೋಡಿ. ಅಲ್ಲಿ ಎಲ್ಲರೂ ಕಮಾನನ್ನು ಅಂಗೈಯೊಳಗೆ ಹಿಡಿದುಕೊಂಡು ತಂತಿಗಳನ್ನು ಬೆರಳಿನಿಂದ ಮೀಟುತ್ತಾರೆ. ಹಿಂದಿನ ಸಾಲಿನಲ್ಲಿ, ಕಪ್ಪು ಉಡುಪಿನ ತೋಳಿಗೆ, ಕಮಾನಿಗೆ ಹಚ್ಚುವ ರಾಳದ ಬಿಳಿ ಪುಡಿ ಮೆತ್ತಿಕೊಂಡವಳೇ ನಾನು. ಆ ಎಂಟು ಆವರ್ತಗಳಲ್ಲಿ ನಾನು ಮೀಟಿದ ಒಂದೊಂದು ಸ್ವರವೂ ನಿಜ. ಮಾರುಕಟ್ಟೆಯವರಿಗೆ ಬೇಕಾದರೆ ಅಷ್ಟನ್ನು ತೋರಿಸಿ.

ಇಂತಿ ನಿಮ್ಮ ಪ್ರೀತಿಯ ಮೊಮ್ಮಗಳು