ನಮ್ಮ ಅತ್ತೆಗೆ, ಎರಡು ವರ್ಷದ ಗ್ರಾಂ ಲೆಕ್ಕಕ್ಕೆ

ನನ್ನ ಮಗ ಪುಟ್ಟಂಗೆ ಫಿಟ್ಸ್‌ಗೆ ಅಂತ ಕೀಟೋ ಡಯಟ್ (ಬೆಣ್ಣೆ, ಎಣ್ಣೆ ಜಾಸ್ತಿ, ಅನ್ನ, ಸಕ್ಕರೆ ಇಲ್ಲದಷ್ಟು ಕಮ್ಮಿ, ಎಲ್ಲಾ ಗ್ರಾಂ ಲೆಕ್ಕದಲ್ಲಿ) ಶುರುವಾಗಿ ನಿನ್ನೆಗೆ 2 ವರ್ಷ ಆಯ್ತು, ಕೊನೇ ಸಲ ಫಿಟ್ಸ್ ಬಂದು 14 ತಿಂಗಳಾಯ್ತು.

ನಮ್ಮ ಡಾಕ್ಟರ್‌ಗೆ, ಎಷ್ಟೊತ್ತಿಗೆ ಕೇಳಿದ್ರೂ ಮೆನು ಬದಲಾಯಿಸಿ ಕೊಟ್ಟ ಡಯಟೀಷಿಯನ್ ಮೇಡಂಗೆ, ಸಕ್ಕರೆ ಇಲ್ಲದ ಔಷಧಿ ಹುಡುಕಿ ತರಿಸಿದ ಮೆಡಿಕಲ್ ಶಾಪ್ ಅಣ್ಣಂಗೆ, ಬರ್ತ್‌ಡೇ ಚಾಕ್ಲೇಟ್ ಅವನ ಕೈಗೆ ಸಿಗದಂಗೆ ನೋಡ್ಕೊಂಡ ಸ್ಕೂಲ್ ಮಿಸ್‌ಗೆ, ಎಲ್ರಿಗೂ ಕೈ ಮುಗಿತೀನಿ.

ಇನ್ನು ಅತ್ತೆ. ಬೆಣ್ಣೆದೋಸೆ ಊರು ದಾವಣಗೆರೆಲೇ ಹುಟ್ಟಿ ಬೆಳೆದೋರು, ಮೊಮ್ಮಗಂಗೆ ಬೆಣ್ಣೆ ತಿನ್ಸಿ, ದೋಸೆ ಕೊಡಬೇಡಿ ಅಂತ ಅವ್ರಿಗೆ ಹೇಳಿದ್ರೆ ಹೆಂಗಾಗಬೇಡ. "ಕೂಸಿಗೆ ಅನ್ನ ಬ್ಯಾಡ ಅನ್ನೋದು ಎಂಥಾ ಔಷಧಿನವ್ವ" ಅಂತ ಅತ್ತುಬಿಟ್ರು. ಉಪವಾಸ ಇದ್ರೆ ಫಿಟ್ಸ್ ಕಮ್ಮಿಯಾಗೋದು ಹಿಂದಿನಿಂದ ಗೊತ್ತಿತ್ತು, ಹೊಟ್ಟೆಗೆ ಊಟ ಹಾಕ್ತಾನೇ ಮೈಗೆ ಉಪವಾಸ ಅನ್ನಿಸೋ ಹಂಗೆ ಮಾಡೋದು ಇದು, ಅಮೆರಿಕದಲ್ಲಿ 1921ರಲ್ಲೇ ಶುರುವಾಗಿದ್ದು ಅಂತ ಮೇಡಂ ಬಿಡಿಸಿ ಹೇಳಿದ್ರು. ಶ್ರಾವಣ ಸೋಮವಾರ ತಪ್ಪಿಸದ ಅತ್ತೆಗೆ ಅದು ತಟ್ಟಂತ ಹತ್ತಿತು.

ಆಸ್ಪತ್ರೆಯಿಂದ ಮನೆಗೆ ಬಂದ ಮೊದಲನೇ ರಾತ್ರಿ ವಾಂತಿ, ಮಂಪರು, ಕಣ್ಣು ಬಿಟ್ರೆ "ಮಂಡಕ್ಕಿ ಕೊಡು" ಅಂತ ಅಳು, ಇವ್ರು ಬೆಂಗಳೂರಲ್ಲಿ, ನಾನು ಮಗನ ಮೇಲೆ ಕಿರುಚಿದೆ. ಹೌದು, ಕಿರುಚಿದೆ, ಆಮೇಲೆ ಅಡುಗೆಮನೆ ನೆಲದ ಮೇಲೆ ಕೂತು ಸಕ್ಕರೆ ಡಬ್ಬಿ ಮುಚ್ಚಳ ತೆಗೆದೆ, ಸಾಕು ಇದೆಲ್ಲ ಅಂತ. ಅತ್ತೆ ಬೈಲಿಲ್ಲ. "ಡಾಕ್ಟರ್‌ನ ಕೇಳಿ ಹಾಕಣ ತಡಿಯವ್ವ" ಅಂತ ಡಬ್ಬಿ ಇಸ್ಕೊಂಡ್ರು. ಡಾಕ್ಟರ್ ಹೇಳಿದಂಗೆ ಬೆರಳು ಚುಚ್ಚಿ ಶುಗರ್ ನೋಡಿದ್ವಿ, ಸರಿಯಿತ್ತು. ಬೆಳಗಾಗೋವರೆಗೂ ಚಮಚದಲ್ಲಿ ನೀರು ಕುಡಿಸ್ತಾ ಕೂತಿದ್ರು, ನನ್ನನ್ನ ಮಲಗಿಸಿ. ಬೆಳಿಗ್ಗೆ ಉಚ್ಚೆ ಸ್ಟ್ರಿಪ್ ಗಾಢ ಬಣ್ಣಕ್ಕೆ ತಿರುಗಿತ್ತು, ಕೀಟೋನ್ ಬಂದಿತ್ತು, ಅಂದ್ರೆ ಮೈ ಸಕ್ಕರೆ ಬದಲು ಕೊಬ್ಬು ಉರಿಸೋಕೆ ಶುರು ಮಾಡಿತ್ತು. "ನೋಡಿಲ್ಲಿ, ನೇರಳೆಹಣ್ಣು" ಅಂತ ಎಬ್ಬಿಸಿದ್ರು. ನಮ್ಮನೇಲಿ ಇವತ್ತಿಗೂ ಅದಕ್ಕೆ ನೇರಳೆಹಣ್ಣು ಅಂತಲೇ ಹೆಸರು.

ಜೀವಮಾನವೆಲ್ಲ ಕಣ್ಣಂದಾಜಲ್ಲಿ ಅಡುಗೆ ಮಾಡಿದ ಕೈ ಅದು, ಡಿಜಿಟಲ್ ತಕ್ಕಡಿ ಕಲಿತು ಬೆಣ್ಣೆ ತೂಗ್ತು, ಬಟ್ಟಲಿಗೆ ಅಂಟಿದ ಎಣ್ಣೆನೂ ಲೆಕ್ಕದ್ದೇ ಅಂತ ಬಳಿದು ಅವನ ಬಾಯಿಗಿಟ್ತು. ಇಷ್ಟು ದಿನ ತಾವೂ ಮಂಡಕ್ಕಿ ಮುಟ್ಟಲಿಲ್ಲ.

ಎಲ್ಲ ಮಕ್ಕಳಿಗೂ ಇದು ಹಿಡಿಸಲ್ಲ, ಡಾಕ್ಟರ್ ಇಲ್ಲದೆ ಯಾರೂ ಮನೇಲಿ ಶುರು ಮಾಡಬೇಡಿ.

ಈಗ ಡಯಟ್ ನಿಧಾನಕ್ಕೆ ಇಳಿಸ್ತಿದಾರೆ. ನಾಲ್ಕು ಗ್ರಾಂ ಕೊಬ್ಬಿಗೆ ಪ್ರೋಟೀನ್, ಕಾರ್ಬೋಹೈಡ್ರೇಟ್ ಎರಡೂ ಸೇರಿ ಒಂದು ಗ್ರಾಂ ಅಂತಿದ್ದ ಲೆಕ್ಕ ಈ ವಾರದಿಂದ ಮೂರಕ್ಕೆ ಒಂದು. ಅತ್ತೆ ಮೇಡಂಗೆ ಫೋನ್ ಮಾಡಿ ಮೊದಲು ಕೇಳಿದ್ದು, ಮೂರಕ್ಕೊಂದರಲ್ಲಿ ಒಂದು ಚೂರು ದೋಸೆ ಕೂರುತ್ತಾ ಅಂತ. ಬೆರಳುದ್ದ ಕೂರುತ್ತಂತೆ. ಹಿಟ್ಟು ರುಬ್ಬಿಟ್ಟಿದಾರೆ.