ಮಗಳಿಗೊಂದು ಪತ್ರ: ಹೆಲ್ಮೆಟ್ಟಿನೊಳಗಿನ ಫೋನು

ಕೋಲಾರ,
ಗುರುವಾರ ರಾತ್ರಿ

ಪುಟ್ಟಿ,

ಭಾನುವಾರ ಊಟದ ಹೊತ್ತಿನಲ್ಲಿ, ಒಂದೇ ಸಲ ಹತ್ತು ಕೆಲಸ ಹಚ್ಚಿಕೊಳ್ಳಬೇಡ ಅಂತ ನಾನು ಕೂಗಾಡಿದ್ದನ್ನು ಮತ್ತೆ ಬರೆಯುವುದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ. ನಿನ್ನ ಸೋದರತ್ತೆ ಎದುರಿಗೆ ನಾನು ಹಾಗೆ ದನಿ ಏರಿಸಬಾರದಿತ್ತು. ಬೇಜಾರು ಮಾಡಿಕೊಳ್ಳಬೇಡ. ಆದರೆ ಹೊರಡುವಾಗ ನೀನು ಚಪ್ಪಲಿ ಮೆಟ್ಟುತ್ತಾ ಅಂದೆಯಲ್ಲ, "ನೀನೂ ಬಸ್ ಕಂಡಕ್ಟರಾಗಿ ಜೀವಮಾನವೆಲ್ಲ ಮಾಡಿದ್ದು ಅದೇ ತಾನೇ ಅಪ್ಪ? ಟಿಕೆಟ್ಟು, ಚಿಲ್ಲರೆ, ಸೀಟಿ, ಜಗಳ, ಎಲ್ಲ ಒಟ್ಟಿಗೆ. ನಾನು ಲ್ಯಾಪ್‌ಟಾಪಲ್ಲಿ ಮಾಡ್ತೀನಿ, ಅಷ್ಟೇ." ಆ ಮಾತು ಇನ್ನೂ ಕಿವಿಯಲ್ಲಿದೆ. ಒಳ್ಳೆ ಮಾತೇ ಆಡಿದೆ. ತಕ್ಷಣ ಉತ್ತರ ಹೊಳೆಯಲಿಲ್ಲ. ಈಗ ಹೊಳೆದಿದೆ. ಫೋನಲ್ಲಿ ಹೇಳಿದರೆ ನೀನು ಇನ್ನೊಂದು ಕೆಲಸ ಮಾಡುತ್ತಾ ಕೇಳುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಬಸ್ಸು ಹೇಗಿರುತ್ತಿತ್ತು ಗೊತ್ತಲ್ಲ. ಒಬ್ಬರು ಐನೂರರ ನೋಟು ಚಾಚಿದ್ದಾರೆ, ಬ್ಯಾಗಿನಲ್ಲಿ ಚಿಲ್ಲರೆ ಇಲ್ಲ. ಇನ್ನೊಬ್ಬಾಕೆ ಮಗುವಿಗೆ ಹಾಫ್ ಟಿಕೆಟ್ ಯಾಕೆ ಅಂತ ಜಗಳ ತೆಗೆದಿದ್ದಾಳೆ. ಅಷ್ಟರಲ್ಲಿ ಟಿಕೆಟ್ ದರ ಬದಲಾಗುವ ಸ್ಟೇಜ್ ಬರುತ್ತಿದೆ. ನೋಡಿದವರಿಗೆ ಎಲ್ಲ ಒಟ್ಟಿಗೆ ಮಾಡುತ್ತಿದ್ದಾನೆ ಅನ್ನಿಸುತ್ತೆ. ಅದು ಹಾಗಲ್ಲ. ಒಬ್ಬರ ಟಿಕೆಟ್ ಹರಿದು ಅವರ ಕೈಗೆ ಕೊಡುವ ತನಕ ಪಕ್ಕದವರ ದುಡ್ಡು ನಾನು ಮುಟ್ಟುತ್ತಿರಲಿಲ್ಲ. ಬಾಕಿ ಚಿಲ್ಲರೆಯನ್ನು ಟಿಕೆಟ್ಟಿನ ಹಿಂದೆ ಬರೆದು, ಕೆಳಗೆ ಒಂದು ಗೀಟು ಎಳೆದು ಕೊಡುತ್ತಿದ್ದೆ. ಜನ ಅದನ್ನು ಬೈದುಕೊಳ್ಳುತ್ತಾರೆ. ಆದರೆ ಬರೆದ ಮೇಲೆ ಆ ಲೆಕ್ಕ ನನ್ನ ತಲೆಯಿಂದ ಇಳಿದು ಅವರ ಜೇಬಿಗೆ ಹೋಯಿತು. ಇಲ್ಲದಿದ್ದರೆ ಅಷ್ಟು ಜನರ ಬಾಕಿ ಯಾರ ತಲೆಯಲ್ಲಿ ನಿಲ್ಲುತ್ತೆ? ಟಿಕೆಟ್ ಲೆಕ್ಕದ ಹಾಳೆ, ಅದೇ ವೇಬಿಲ್, ಬರೆಯುವಾಗ ಯಾರು ಕೂಗಿದರೂ "ಇರ್ರೀ ಸ್ವಲ್ಪ". ಇಷ್ಟೆಲ್ಲ ಮಾಡಿಯೂ ರಾತ್ರಿ ಡಿಪೋದಲ್ಲಿ ದುಡ್ಡು ಕಟ್ಟುವ ಹೊತ್ತಿಗೆ ತಲೆ ಗುಂಯ್ ಅನ್ನುತ್ತಿತ್ತು.

ಅದಕ್ಕಿಂತ ದೊಡ್ಡ ವಿಷಯ, ಆ ಬಸ್ಸಿನಲ್ಲಿ ನಾವು ಇಬ್ಬರಿದ್ದೆವು. ಡ್ರೈವರಿಗೆ ಒಂದೇ ಕೆಲಸ, ಗಾಡಿ ಓಡಿಸುವುದು. ಈಗ ಒಬ್ಬರೇ ಎರಡೂ ಮಾಡುವ ನಾನ್‌ಸ್ಟಾಪ್ ಬಸ್ಸುಗಳಿವೆ. ಅಲ್ಲೂ ಸ್ಟ್ಯಾಂಡಿನಲ್ಲೇ ಟಿಕೆಟ್ ಕೊಟ್ಟು ಮುಗಿಸಿ ಆಮೇಲೆ ಸ್ಟೀರಿಂಗ್ ಹಿಡಿಯುತ್ತಾರೆ. ನೀನು ಹೆಲ್ಮೆಟ್ಟಿನೊಳಗೆ ಫೋನ್ ತುರುಕಿಕೊಂಡು ಮೀಟಿಂಗ್ ಕೇಳುತ್ತಾ ಸ್ಕೂಟರ್ ಓಡಿಸುವುದು ಕಂಡಕ್ಟರ್ ಕೆಲಸವಲ್ಲ ಪುಟ್ಟಿ. ಓಡುವ ಬಸ್ಸಿನಲ್ಲಿ ಡ್ರೈವರ್ ಎದ್ದು ಬಂದು ಟಿಕೆಟ್ ಹರಿದ ಹಾಗೆ ಅದು.

ಹೋದ ತಿಂಗಳ ಆ ಫೋನು ನಿನಗೆ ಮರೆತೇ ಹೋಗಿರಬೇಕು. ಅಮ್ಮ ಸ್ಪೀಕರ್ ಹಾಕಿದ್ದಳು. ಕೆ.ಆರ್. ಪುರಂ ತೂಗುಸೇತುವೆ ಹತ್ತಿರ ಇದ್ದೀನಿ ಅಂದೆ. ಹುಣಸೆಹಣ್ಣು ಎಷ್ಟು ಕಳಿಸಲಿ ಅಂತ ಅವಳು ಕೇಳಿದಳು. ಆಗಲೇ ಲಾರಿ ಹಾರ್ನ್, ಬ್ರೇಕ್ ಕಿರ್ ಅಂದಿದ್ದು, ನೀನು "ಅಯ್ಯೋ" ಅಂದಿದ್ದು. ಆಮೇಲೆ ನಿನ್ನ ದನಿ ಇಲ್ಲ. ಫೋನ್ ಕಟ್ಟಾಗಿದ್ದರೂ ಚೆನ್ನಾಗಿತ್ತು. ಕಟ್ಟಾಗಿರಲಿಲ್ಲ. ರಸ್ತೆ ಸದ್ದು ಬರುತ್ತಲೇ ಇತ್ತು, ಯಾರೋ ಏನೋ ಬೈಯುತ್ತಿದ್ದರು, ಅಮ್ಮ ಹಲೋ ಹಲೋ ಅನ್ನುತ್ತಿದ್ದಳು. ಆಮೇಲೆ ನೀನು, "ಏನಿಲ್ಲಮ್ಮ, ಯಾರೋ ಅಡ್ಡ ಬಂದ. ಅರ್ಧ ಕೆಜಿ ಸಾಕು." ಅರ್ಧ ಕೆಜಿ ಸಾಕಂತೆ! ಅಮ್ಮ ಹುಣಸೆಹಣ್ಣು ತೂಗಲು ಎದ್ದಳು. ನನಗೆ ಕುರ್ಚಿಯಿಂದ ಏಳಲು ಆಗಲಿಲ್ಲ.

ನಿನ್ನ ಚಿಕ್ಕಪ್ಪನ ಮಗ ಮನಶ್ಶಾಸ್ತ್ರ ಓದುತ್ತಿದ್ದಾನಲ್ಲ, ಅವನನ್ನು ಕೂರಿಸಿಕೊಂಡು ಕೇಳಿದೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಸ್ಟ್ರೇಯರ್ ಅಂತ ಒಬ್ಬರು ತುಂಬ ವರ್ಷದಿಂದ ಇದನ್ನೇ ಪರೀಕ್ಷೆ ಮಾಡಿದ್ದಾರಂತೆ. ಕಾರು ಓಡಿಸುವ ಯಂತ್ರದಲ್ಲಿ ಜನರನ್ನು ಕೂರಿಸಿ, ಫೋನಲ್ಲಿ ಮಾತಾಡಿಸಿ ನೋಡಿದರು. ಮುಂದಿನ ಗಾಡಿ ನಿಂತರೆ ಇವರು ಬ್ರೇಕ್ ಒತ್ತುವುದು ತಡ. ಫೋನ್ ಕೈಯಲ್ಲಿದ್ದರೂ ಅಷ್ಟೇ, ಕಿವಿಗೆ ಸಿಕ್ಕಿಸಿಕೊಂಡಿದ್ದರೂ ಅಷ್ಟೇ. ನನಗೆ ಹೆದರಿಕೆ ಆಗಿದ್ದು ಇನ್ನೊಂದಕ್ಕೆ. ಅವರ ಕಣ್ಣು ರಸ್ತೆ ಬದಿಯ ಬೋರ್ಡಿನ ಮೇಲೇ ಇತ್ತು ಅಂತ ಯಂತ್ರ ತೋರಿಸುತ್ತೆ. ಆಮೇಲೆ ಕೇಳಿದರೆ ಆ ಬೋರ್ಡಿನ ನೆನಪೇ ಸರಿಯಾಗಿಲ್ಲ. "ನಾನು ರಸ್ತೆ ನೋಡ್ತಾನೇ ಇರ್ತೀನಿ ಅಪ್ಪ" ಅನ್ನುತ್ತೀಯಲ್ಲ, ಅವರೂ ನೋಡುತ್ತಲೇ ಇದ್ದರು.

ಪಕ್ಕದಲ್ಲಿ ಕೂತವರ ಜತೆ ಮಾತಾಡಿದರೆ ಅಷ್ಟು ತೊಂದರೆ ಇಲ್ಲ ಅಂತಲೂ ಅವರು ಕಂಡುಕೊಂಡರು. ಅದು ನನಗೆ ಆಗಲೇ ಗೊತ್ತಿತ್ತು. ರಾತ್ರಿ ಟ್ರಿಪ್ಪಿನಲ್ಲಿ ಡ್ರೈವರಿಗೆ ನಿದ್ದೆ ಬರಬಾರದು ಅಂತ ಬಾನೆಟ್ ಪಕ್ಕ ಕೂತು ಮಾತಾಡುತ್ತಿದ್ದೆ. (ಚಾಲಕರೊಂದಿಗೆ ಮಾತನಾಡಬೇಡಿ ಅಂತ ತಲೆ ಮೇಲೇ ಬರೆದಿರುತ್ತಿತ್ತು, ಇರಲಿ.) ಎದುರಿಗೆ ಲಾರಿ ಬಂದರೆ ನನ್ನ ಬಾಯಿ ತಾನೇ ಮುಚ್ಚುತ್ತಿತ್ತು. ಕೋಲಾರದ ಅಡುಗೆಮನೆಯಲ್ಲಿ ಹುಣಸೆಹಣ್ಣು ಹಿಡಿದು ನಿಂತ ಅಮ್ಮನಿಗೆ ನಿನ್ನ ಎದುರಿನ ಲಾರಿ ಎಲ್ಲಿ ಕಾಣಬೇಕು?

ಕೆಲವರಿಗೆ ಇದು ಬರುತ್ತೆ ಅಂತ ನೀನು ವಾದ ಮಾಡುತ್ತೀಯ. ಬರುತ್ತೆ. 2010ರಲ್ಲಿ ಆ ಸ್ಟ್ರೇಯರ್ ಅವರೇ ಬರೆದಿದ್ದಾರೆ: 200 ಜನರಲ್ಲಿ ಗಾಡಿ ಓಡಿಸುವುದು, ಫೋನಲ್ಲಿ ಕೇಳಿದ ಲೆಕ್ಕ ಬಿಡಿಸುವುದು ಎರಡೂ ಕೆಡದ ಹಾಗೆ ಮಾಡಿದವರು ಶೇಕಡಾ 2.5. 2013ರ ಇನ್ನೊಂದು ಪರೀಕ್ಷೆಯಲ್ಲಿ, ಹತ್ತು ಕೆಲಸ ಒಟ್ಟಿಗೆ ಹಚ್ಚಿಕೊಳ್ಳುವ ಅಭ್ಯಾಸ ಜಾಸ್ತಿ ಇದ್ದವರೇ ಅದರಲ್ಲಿ ಹಿಂದೆ ಬಿದ್ದರು. ಹೆಚ್ಚಿನವರು ತಾವು ಸರಾಸರಿಗಿಂತ ಮೇಲು ಅಂದುಕೊಂಡಿದ್ದರು ಬೇರೆ. "ಹೆಣ್ಣುಮಕ್ಕಳಿಗೆ ಇದು ಹುಟ್ಟಿನಿಂದಲೇ ಬರುತ್ತೆ ಬಿಡಿ" ಅಂತ ಅಮ್ಮ ನಡುವೆ ಬಾಯಿ ಹಾಕಿದಳು. ಅದೂ ಇಲ್ಲವಂತೆ. 2019ರಲ್ಲಿ ಜರ್ಮನಿಯಲ್ಲಿ 48 ಹೆಂಗಸರು, 48 ಗಂಡಸರನ್ನು ಪರೀಕ್ಷೆ ಮಾಡಿ, ಇಬ್ಬರೂ ಒಂದೇ ರೀತಿ ತಡವರಿಸುತ್ತಾರೆ ಅಂದರು. ಹಾಗೆ ಹೊಗಳಿ ಹೊಗಳಿಯೇ ನಿಮ್ಮ ತಲೆ ಮೇಲೆ ಕೆಲಸ ಹೇರುತ್ತಾರೆ ಅಂತ ನನ್ನ ಅನುಮಾನ. ಅಮ್ಮನಿಗೆ ಹೇಳಿದೆ. "ಹಾಗಾದರೆ ನಾಳೆಯಿಂದ ಕುಕ್ಕರ್ ನೀವೇ ನೋಡಿಕೊಳ್ಳಿ" ಅಂದಳು.

ನಿನ್ನ ಮ್ಯಾನೇಜರ್ ಮೇಲಿನವರ ಎದುರಿಗೆ ನಿನ್ನನ್ನು ಅಷ್ಟಾವಧಾನಿ ಅಂದರಂತೆ. ಕೇಳಿ ನನಗೆ ಎಷ್ಟು ಖುಷಿಯಾಯಿತು ಅಂದರೆ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಎಲ್ಲರಿಗೂ ಹೇಳಿದೆ. ಇಷ್ಟು ಬೇಗ ಟೀಮ್ ಲೀಡ್ ಆಗುವುದು ಸಣ್ಣ ಮಾತಲ್ಲ. ಆದರೆ ಅವಧಾನ ನಾನು ನೋಡಿದ್ದೇನೆ. ಶತಾವಧಾನಿ ಆರ್. ಗಣೇಶ್ ಹುಟ್ಟಿದ್ದು ನಮ್ಮ ಕೋಲಾರದಲ್ಲೇ. ಅಷ್ಟಾವಧಾನದಲ್ಲಿ ಸುತ್ತ ಎಂಟು ಜನ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಕೂತಿರುತ್ತಾರೆ. ಅವಧಾನಿ ಎಂಟು ಜನರಿಗೂ ಒಟ್ಟಿಗೆ ಉತ್ತರ ಕೊಡುವುದಿಲ್ಲ. ಸರದಿ ಪ್ರಕಾರ ಒಬ್ಬೊಬ್ಬರ ಕಡೆ ತಿರುಗಿ, ಪದ್ಯದ ಒಂದು ಸಾಲು ಹೇಳಿ, ಮುಂದಿನವರ ಕಡೆ ಹೋಗುತ್ತಾರೆ. ಮುಂದಿನ ಸುತ್ತಿಗೆ ಬಂದಾಗ ನಿಲ್ಲಿಸಿದಲ್ಲಿಂದಲೇ ಎರಡನೇ ಸಾಲು. ಗಮನ ಕೆಡಿಸಲಿಕ್ಕೆ ಅಂತಲೇ ಅಪ್ರಸ್ತುತ ಪ್ರಸಂಗಿ ಒಬ್ಬ ನಡುನಡುವೆ ಏನೇನೋ ಕೇಳುತ್ತಿರುತ್ತಾನೆ. ಆದರೆ ಅವನು ಒಬ್ಬನೇ! ನಿನ್ನ ಫೋನಿನಲ್ಲಿ ವಾಟ್ಸಾಪ್ ಗ್ರೂಪುಗಳು ಎಷ್ಟಿವೆ?

ನಿನ್ನ ಪರವಾದ ಮಾತೂ ಒಂದಿದೆ, ಮುಚ್ಚಿಡುವುದಿಲ್ಲ. ಗ್ಲೋರಿಯಾ ಮಾರ್ಕ್ ಎಂಬ ಅಮೆರಿಕದ ಸಂಶೋಧಕಿ ಜತೆಗಾರರೊಂದಿಗೆ 2008ರಲ್ಲಿ ಮಾಡಿದ ಪರೀಕ್ಷೆಯಲ್ಲಿ, ನಡುನಡುವೆ ಅಡ್ಡಿ ಮಾಡಿಸಿಕೊಂಡವರು ಕೆಲಸವನ್ನು ಬೇಗ ಮುಗಿಸಿದರು. ಕೆಲಸವೂ ಕೆಟ್ಟಿರಲಿಲ್ಲ. ಆದರೆ ಇಪ್ಪತ್ತೇ ನಿಮಿಷದಲ್ಲಿ ಅವರ ಒತ್ತಡ, ಕಿರಿಕಿರಿ ಏರಿತ್ತು. ನಿನ್ನ ಮ್ಯಾನೇಜರಿಗೆ ಕಾಣುವುದು ಮೊದಲನೆಯದು. ಎರಡನೆಯದು ನಮಗೆ ಕಾಣುತ್ತೆ. ಭಾನುವಾರ ಎಡಗೈಯಲ್ಲಿ ಫೋನ್ ಹಿಡಿದು ಕೂತಿದ್ದೆ, ಮುದ್ದೆ ಆರಿ ಗಟ್ಟಿಯಾಯಿತು, ಹುರಳಿ ಸಾರಿನ ಮೇಲೆ ಕೆನೆ ಕಟ್ಟಿತು. ಉಪ್ಪು ಜಾಸ್ತಿ ಆಗಿದೆಯಾ ಅಂತ ಅಮ್ಮ ಎರಡು ಸಲ ಕೇಳಿದಳು. ನೀನು "ಹೂಂ" ಅಂದೆ. ಜಾಸ್ತಿ ಆಗಿರಲಿಲ್ಲ, ಪುಟ್ಟಿ. ಉಪ್ಪೇ ಹಾಕಿರಲಿಲ್ಲ.

ಎಲ್ಲ ಬಿಡು ಅಂತ ಹೇಳುತ್ತಿಲ್ಲ. ರೇಡಿಯೋ ಕೇಳುತ್ತಾ ಅವರೆಕಾಳು ಹಿತಕುವುದಕ್ಕೆ ಯಾರ ಅಡ್ಡಿಯೂ ಇಲ್ಲ, ಬೆರಳಿಗೆ ಅದು ಗೊತ್ತು. ಎರಡಕ್ಕೂ ತಲೆ ಬೇಕಾದರೆ ಮಾತ್ರ ಕಷ್ಟ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಏಳಬೇಕಾದರೆ, ಎಲ್ಲಿ ನಿಲ್ಲಿಸಿದೆ, ಮುಂದೇನು ಅಂತ ಒಂದು ಸಾಲು ಬರೆದಿಟ್ಟು ಏಳು, ಟಿಕೆಟ್ಟಿನ ಹಿಂದೆ ಬರೆದ ಹಾಗೆ. ಊಟದ ಹೊತ್ತಿಗೆ ಊಟ ಮಾಡು. ನಿದ್ದೆ ಕೆಡಿಸಿಕೊಳ್ಳಬೇಡ. ಕಣ್ಣು ತೋರಿಸು ಅಂತ ಹೇಳಿ ಎಷ್ಟು ದಿನವಾಯಿತು? ನೋಡು, ಉಪದೇಶ ಶುರುವಾಯಿತು. ಇದರಲ್ಲಿ ಯಾವುದನ್ನು ಬೇಕಾದರೂ ಬಿಡು. ಸ್ಕೂಟರಿನದ್ದು ಮಾತ್ರ ಬಿಡಬೇಡ. ಹೊರಡುವ ಮುಂಚೆ ಫೋನನ್ನು ಸೀಟಿನ ಕೆಳಗೆ ಡಿಕ್ಕಿಯಲ್ಲಿ ಹಾಕಿ ಬೀಗ ಹಾಕು. ಮೀಟಿಂಗ್ ಇದ್ದರೆ ಅರ್ಧ ಗಂಟೆ ಮುಂಚೆ ಹೊರಡು, ಇಲ್ಲ ತಡವಾಗಿ ಸೇರು. ಟೀಮ್ ಲೀಡ್ ಬರುವ ತನಕ ಕಾಯುತ್ತಾರೆ.

ಬೆಳಿಗ್ಗೆ ಎಂಟೂವರೆಯಿಂದ ಹತ್ತರ ತನಕ ಪುಟ್ಟಿಗೆ ಫೋನ್ ಮಾಡಬೇಡ ಅಂತ ಅಮ್ಮನಿಗೂ ಹೇಳಿದ್ದೇನೆ. ಅವಳು ಒಪ್ಪಿಲ್ಲ. ನೀನೇ ಎತ್ತಬೇಡ.

ನಿನ್ನ
ಅಪ್ಪ